ಅಜ್ಜಿ ಕಂಡ ನೇಮ

ಉಡುಪಿಯಲ್ಲಿ ನನ್ನದು ಫೋಟೋ ತೆಗೆಯುವ ಕೆಲಸ. ಮದುವೆ, ಗೃಹಪ್ರವೇಶ, ಮತ್ತೆ ಮೇ ಕೊನೆಗೆ ನೇಮಗಳು ಮುಗಿಯುವ ದಿನವಾದ ಪತ್ತನಾಜೆ ಬರುವ ತನಕ ನೇಮ, ಅಂದರೆ ದೈವಕ್ಕೆ ವೇಷ ಕಟ್ಟಿ ಕುಣಿಯುವ ಆರಾಧನೆ.

ಕೆಲಸಕ್ಕಿಳಿದ ಎರಡನೇ ವರ್ಷ ಕಾಪು ಕಡೆಯ ಒಂದು ಮನೆಯಿಂದ ಕರೆ ಬಂತು. ರಾತ್ರಿಯಿಡೀ ಫ್ಲ್ಯಾಶ್ ಹಾಕಿ ತೆಗೆದೆ. ಒಂದು ಫೋಟೋವೂ ಅಲುಗಿರಲಿಲ್ಲ. ಮುಖದ ಅರದಾಳದ ಹಳದಿ ಬಣ್ಣ, ಅದರ ಮೇಲಿನ ಗೆರೆ ಎಲ್ಲವೂ ಸ್ಪಷ್ಟ. ಆಲ್ಬಂ ಕೊಡಲು ಹೋದಾಗ ಮನೆಯ ಅಜ್ಜಿ ಪುಟ ತಿರುವಿ ತಿರುವಿ ನೋಡಿದರು.

"ಚಂದ ಉಂಟು ಮಗಾ. ಆದ್ರೆ ನಾನು ಕಂಡದ್ದು ಇದಲ್ಲ."

ನನಗೆ ತುಂಬಾ ಬೇಜಾರಾಯಿತು. "ನೀವು ಏನು ಕಂಡಿರಿ ಅಜ್ಜಿ?" ಅಂತ ಕೇಳಿದೆ. ಕತ್ತಲು ಅಂದರು. ದೊಂದಿಯ ಬೆಳಕು, ಅದರೊಳಗಿಂದ ಬಂದ ಮುಖ, ಕಾಲಿಗೆ ಕಟ್ಟಿದ ಗಗ್ಗರದ ಸದ್ದು. ನನ್ನ ಫೋಟೋದಲ್ಲಿ ಶಾಮಿಯಾನದ ಕಂಬ, ಪ್ಲಾಸ್ಟಿಕ್ ಕುರ್ಚಿ, ನೇತಾಡುವ ವೈರ್ ಕೂಡ ಇದ್ದವು. ಅಂಗಳದಲ್ಲಿ ಅವು ಇದ್ದದ್ದು ನಿಜ. ಅಜ್ಜಿ ಅವನ್ನು ಕಾಣದೇ ಇದ್ದದ್ದೂ ನಿಜ.

ಆಮೇಲೆ ಕಣ್ಣಿನ ಬಗ್ಗೆ ಓದಲು ಶುರು ಮಾಡಿದೆ. ಕೈ ಚಾಚಿ ನಿಮ್ಮ ಹೆಬ್ಬೆರಳ ಉಗುರು ನೋಡಿ. ಒಂದು ಸಲಕ್ಕೆ ನಮಗೆ ಚೆನ್ನಾಗಿ ಕಾಣುವುದು ಹೆಚ್ಚುಕಮ್ಮಿ ಅಷ್ಟೇ ಅಗಲ, ಸುಮಾರು 2 ಡಿಗ್ರಿ. ಉಳಿದದ್ದೆಲ್ಲ ಮಸುಕು. ಕಣ್ಣು ಸೆಕೆಂಡಿಗೆ ಸುಮಾರು 3 ಸಲ ಜಿಗಿದು ತುಣುಕು ತುಣುಕಾಗಿ ತರುತ್ತದೆ, ಮಿದುಳು ಜೋಡಿಸುತ್ತದೆ. ನರ ಹೊರಡುವ ಕಡೆ ಪ್ರತಿ ಕಣ್ಣಿನಲ್ಲೂ ಒಂದು ಕುರುಡು ಚುಕ್ಕೆ ಉಂಟು. ಆ ಖಾಲಿ ಜಾಗವನ್ನೂ ಮಿದುಳೇ ತುಂಬಿಸಿಬಿಡುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ, ಅಲ್ವಾ?

ಬಣ್ಣವೂ ಹಾಗೆಯೇ. 2015ರಲ್ಲಿ ಒಂದು ಡ್ರೆಸ್‌ನ ಫೋಟೋ ಲೋಕವಿಡೀ ಓಡಾಡಿತ್ತು. ನೀಲಿ-ಕಪ್ಪು ಡ್ರೆಸ್ ಅದು, ಎಷ್ಟೋ ಜನರಿಗೆ ಬಿಳಿ-ಚಿನ್ನದ ಬಣ್ಣವಾಗಿ ಕಂಡಿತು. ದೊಂದಿಯ ಎದುರು ನಿಂತವರ ಬಿಳಿ ಪಂಚೆ ನಮ್ಮ ಕಣ್ಣಿಗೆ ಬಿಳಿಯೇ. ಕ್ಯಾಮೆರಾಕ್ಕೆ ಅದು ಕಿತ್ತಳೆ. ಹಾಗಾಗಿ ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಅನ್ನು ಆಟೋಗೆ ಬಿಡುವುದು ನಿಲ್ಲಿಸಿದೆ. ಎಷ್ಟು ಕೆಂಪು ಉಳಿಯಬೇಕು ಅಂತ ಪ್ರತಿ ಸಲ ನಾನೇ ನೋಡುತ್ತೇನೆ.

ಮುಂದಿನ ನೇಮಕ್ಕೆ ಅದೇ ಮನೆಗೆ ಹೋದೆ. ಫ್ಲ್ಯಾಶ್ ಚೀಲದಲ್ಲೇ ಇತ್ತು. (ಈಗಲೂ ತೆಗೆಯುವುದಿಲ್ಲ. ಬೆನ್ನಿಗೆ ಕಟ್ಟುವ ಭಾರದ ಅಲಂಕಾರವಾದ ಅಣಿ ಹೊತ್ತು ಕುಣಿಯುವವರ ಕಣ್ಣಿಗೆ ಬೆಳಕು ಹೊಡೆಯುವುದು ತಪ್ಪು. ಅವರನ್ನು, ಮನೆಯವರನ್ನು ಕೇಳದೆ ಕ್ಯಾಮೆರಾವನ್ನೂ ಎತ್ತುವುದಿಲ್ಲ.) 50 ಎಂಎಂ ಲೆನ್ಸ್, ಕಡಿಮೆ ಬೆಳಕಿಗೆಂದು ಐಎಸ್‌ಒ 3200, ಶಟರ್ ನಿಧಾನ, ಸೆಕೆಂಡಿನ 30ರಲ್ಲಿ ಒಂದು ಭಾಗ. ಅರ್ಧ ಫೋಟೋ ಅಲುಗಿದವು. ಒಂದರಲ್ಲಿ ಗಗ್ಗರದ ಕಾಲು ಕರಗಿಹೋಗಿತ್ತು, ಮುಖದ ಒಂದು ಬದಿ ಮಾತ್ರ ಕತ್ತಲಿಂದ ಎದ್ದು ಬಂದಿತ್ತು.

ಅಜ್ಜಿ ಅದನ್ನು ತುಂಬಾ ಹೊತ್ತು ಹಿಡಿದುಕೊಂಡರು. "ಹಾಂ, ಇದು" ಅಂದರು.

ಪಕ್ಕದಲ್ಲಿದ್ದ ಮಗಳು ಇಣುಕಿ ನೋಡಿ, "ನಂಗೆ ಹೀಗೆ ಕಾಣ್ಲಿಲ್ಲಮ್ಮ" ಅಂದರು. ಇಬ್ಬರೂ ಒಂದೇ ಚಾಪೆಯಲ್ಲಿ ಕೂತು ನೋಡಿದ್ದರು. ಬೆಳಕು ಕಣ್ಣಿಗೆ ಬಿದ್ದು ನರದಲ್ಲಿ ಹೋಗುವ ತನಕ ಪುಸ್ತಕದಲ್ಲಿ ಉತ್ತರ ಸಿಗುತ್ತದೆ. ಅದು ಒಳಗೆ 'ಕಂಡದ್ದು' ಆಗುವುದು ಹೇಗೆ, ಒಬ್ಬೊಬ್ಬರಿಗೆ ಒಂದೊಂದು ಆಗುವುದು ಯಾಕೆ ಅನ್ನುವುದಕ್ಕೆ ವಿಜ್ಞಾನಿಗಳೂ ಇನ್ನೂ ಪೂರ್ತಿ ಉತ್ತರ ಕೊಟ್ಟಿಲ್ಲ. ಆ ದಿನದಿಂದ ನನಗೆ ಈ ಕೆಲಸದ ಮೇಲೆ ಪ್ರೀತಿ ಜಾಸ್ತಿಯಾಗಿದೆ.

ಈಗ ನೇಮದ ಮುಂಚಿನ ದಿನ ಕ್ಯಾಮೆರಾ ಇಲ್ಲದೆ ಹೋಗಿ ಜಗಲಿಯಲ್ಲಿ ಕೂರುತ್ತೇನೆ. ಸುಮ್ನೆ ಮಾತಾಡುತ್ತೇನೆ. ಈ ಸಲ ಆ ಮಗಳನ್ನೂ ಕೇಳಿದೆ. ಅವರ ನೆನಪಲ್ಲಿ ಉಳಿದದ್ದು ಬೆಳಗಾಗುವ ಹೊತ್ತು. ದೊಂದಿ ಇನ್ನೂ ಉರಿಯುತ್ತಿರುವಾಗಲೇ ಅಣಿಯ ತುದಿಗೆ ತಾಗಿದ ಆಕಾಶದ ನೀಲಿ ಬೆಳಕು. ಅದಕ್ಕೆ ಆರು ಗಂಟೆಯ ತನಕ ಒಂದು ಬ್ಯಾಟರಿ ಮುಟ್ಟದೆ ಇಟ್ಟುಕೊಳ್ಳಬೇಕು.