ಡಿ20 ಸರಿಯಾಗೇ ಇದೆ, ನೀವು ಬರೆದ ಸಾಲು ನೋಡಿ

ಆನ್‌ಲೈನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯದ ಆಟದಲ್ಲಿ ಯಾರಿಗಾದರೂ ಮೇಲಿಂದ ಮೇಲೆ ಕೆಟ್ಟ ಗರ ಬಿದ್ದರೆ ಮೊದಲು ಕೇಳಿಬರುವ ಮಾತು, "ಈ ಆಪ್‌ನ ಡೈಸ್ ಸರಿ ಇಲ್ಲ." ಸ್ವಲ್ಪ ಲೆಕ್ಕ ಹಾಕಿ. ಡಿ20ಯನ್ನು, ಅಂದರೆ 20 ಮುಖದ ದಾಳವನ್ನು, 20 ಸಲ ಹಾಕಿದರೂ ಒಂದೇ ಒಂದು 20 ಬಾರದಿರುವ ಸಾಧ್ಯತೆ ಸುಮಾರು ಶೇ 36. 40 ಸಲ ಹಾಕಿದರೂ ಶೇ 13ರ ಹತ್ತಿರ ಇರುತ್ತದೆ. ಅಂದರೆ ಐದು ಜನ ಕೂತ ಆಟದಲ್ಲಿ ತಲಾ 20 ಗರ ಹಾಕಿದರೆ, ಒಬ್ಬಿಬ್ಬರಿಗೆ 20ರ ಮುಖವೇ ಕಾಣದೆ ಆಟ ಮುಗಿಯುವುದು ಮಾಮೂಲು.

ಹಾಗಂತ ಗರ ಹಾಕುವ ಕೆಟ್ಟ ಪ್ರೋಗ್ರಾಂಗಳು ಇಲ್ಲವೇ ಇಲ್ಲ ಅಂತಲ್ಲ. ಸ್ವಂತಕ್ಕೆ ಬರೆದುಕೊಂಡ ಬಾಟ್‌ಗಳಲ್ಲಿ ಎರಡು ಎಡವಟ್ಟು ಪದೇ ಪದೇ ಸಿಗುತ್ತವೆ. ಒಂದು, 0ಯಿಂದ 1ರ ಒಳಗಿನ ಸಂಖ್ಯೆಯನ್ನು 19ರಿಂದ ಗುಣಿಸಿ, ಹತ್ತಿರದ ಪೂರ್ಣಾಂಕಕ್ಕೆ ತಂದು, 1 ಕೂಡಿಸುವುದು. ಆಗ ಎರಡು ತುದಿಗಳಿಗೆ, ಅಂದರೆ 1 ಮತ್ತು 20ಕ್ಕೆ, ಉಳಿದವುಗಳ ಅರ್ಧದಷ್ಟೇ ಪಾಲು ಸಿಗುತ್ತದೆ. ಶೇ 5 ಇರಬೇಕಾದದ್ದು ಶೇ 2.6ಕ್ಕೆ ಇಳಿಯುತ್ತದೆ, ಕ್ರಿಟಿಕಲ್‌ಗಳು (20 ಬಿದ್ದಾಗಿನ ವಿಶೇಷ ಏಟು) ಅರ್ಧಕ್ಕರ್ಧ ಮಾಯ. ಸರಿಯಾದ ಕ್ರಮ: 20ರಿಂದ ಗುಣಿಸಿ, ದಶಮಾಂಶ ಕತ್ತರಿಸಿ, 1 ಕೂಡಿಸಿ. ಎರಡನೆಯದು, 0ಯಿಂದ 255ರವರೆಗಿನ ಒಂದು ಬೈಟ್ ತೆಗೆದುಕೊಂಡು 20ರಿಂದ ಭಾಗಿಸಿ ಶೇಷಕ್ಕೆ 1 ಕೂಡಿಸುವುದು. 256 ಎಂಬುದು 20ರಿಂದ ಸರಿಯಾಗಿ ಭಾಗವಾಗದ ಕಾರಣ 1ರಿಂದ 16ರವರೆಗಿನ ಮುಖಗಳಿಗೆ ತಲಾ 13 ಪಾಲು, 17ರಿಂದ 20ರವರೆಗಿನವಕ್ಕೆ 12 ಪಾಲು. 240 ಮತ್ತು ಅದಕ್ಕಿಂತ ದೊಡ್ಡದು ಬಂದರೆ ಬಿಸಾಕಿ ಹೊಸ ಬೈಟ್ ತೆಗೆದುಕೊಂಡರೆ ಸಾಕು, ಸರಿಹೋಗುತ್ತದೆ.

ಅನುಮಾನ ಇದ್ದರೆ 200 ಸಲ ಹಾಕಿಸಿ ಎಣಿಸಿ. ಪ್ರತಿ ಮುಖ 10 ಸಲ ಬರಬೇಕೆಂಬುದು ನಿರೀಕ್ಷೆ. ಪ್ರತಿ ಮುಖ ಬಂದ ಸಂಖ್ಯೆಗೂ 10ಕ್ಕೂ ಇರುವ ವ್ಯತ್ಯಾಸದ ವರ್ಗವನ್ನು 10ರಿಂದ ಭಾಗಿಸಿ, ಇಪ್ಪತ್ತನ್ನೂ ಕೂಡಿಸಿ. ಮೊತ್ತ 30.1 ದಾಟಿದರೆ ಅನುಮಾನಕ್ಕೆ ಕಾರಣ ಇದೆ. ಆದರೆ ನೆಟ್ಟಗಿರುವ ಡೈಸ್ ಕೂಡ ನೂರರಲ್ಲಿ ಐದು ಸಲ ಆ ಗಡಿ ದಾಟುತ್ತದೆ, ಹಾಗಾಗಿ ಜಗಳಕ್ಕೆ ಹೋಗುವ ಮೊದಲು ಇನ್ನೊಮ್ಮೆ ಪರೀಕ್ಷಿಸಿ. ಮೇಲೆ ಹೇಳಿದ ಬೈಟ್‌ನಂಥ ಸಣ್ಣ ಓರೆ 200 ಗರಗಳಲ್ಲಿ ಸಿಕ್ಕಿಬೀಳುವುದಿಲ್ಲ, ಅದಕ್ಕೆ ಕೋಡನ್ನೇ ಓದಬೇಕು.

ಆನ್‌ಲೈನ್ ಆಟದ ಮೇಜುಗಳಾದ ರೋಲ್20, ಫೌಂಡ್ರಿ, ಚಾಟ್ ಆಪ್ ಡಿಸ್ಕಾರ್ಡ್‌ನ ಅವ್ರೇ ಬಾಟ್ ಇವುಗಳಲ್ಲಿ ಗರಕ್ಕಿಂತ ಹೆಚ್ಚು ಕೈಕೊಡುವುದು ನಾವು ಟೈಪ್ ಮಾಡುವ ಸೂತ್ರ. (ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಆಟದಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹಾಕಿ. ಕೀಬೋರ್ಡ್ ಕನ್ನಡದಲ್ಲಿದ್ದರೆ ಅದು ಬರೀ ಚಾಟ್ ಆಗಿ ಹೋಗುತ್ತದೆ.) 2ಡಿ20 ಎಂದರೆ ಎರಡು ಡಿ20. ಅಡ್ವಾಂಟೇಜ್‌ಗೆ (ಎರಡರಲ್ಲಿ ದೊಡ್ಡದು ಲೆಕ್ಕಕ್ಕೆ) 2ಡಿ20ಕೆಎಚ್1+5, ಡಿಸ್‌ಅಡ್ವಾಂಟೇಜ್‌ಗೆ (ಚಿಕ್ಕದು ಲೆಕ್ಕಕ್ಕೆ) ಕೆಎಲ್1. ಕೆಎಚ್ ಮರೆತು 2ಡಿ20+5 ಅಂತ ಹಾಕಿದರೆ ಎರಡೂ ಕೂಡಿಕೊಂಡು 34ರಂಥ ಮೊತ್ತ ಬರುತ್ತದೆ, ಎಲ್ಲರೂ ಕುಣಿದಾಡಿದ ಮೇಲೆ ಆಟ ನಡೆಸುವ ಡಿಎಂ ಅದನ್ನು ರದ್ದು ಮಾಡಬೇಕಾಗುತ್ತದೆ.

ಅತಿ ಹೆಚ್ಚು ಗೊಂದಲ ರೀರೋಲ್‌ನಲ್ಲಿ, ಅಂದರೆ ಬಿದ್ದ ಗರ ಬಿಟ್ಟು ಮತ್ತೆ ಹಾಕುವುದರಲ್ಲಿ. ಐದನೇ ಆವೃತ್ತಿಯ 2014ರ ನಿಯಮದಲ್ಲಿ ಗ್ರೇಟ್ ವೆಪನ್ ಫೈಟಿಂಗ್ (ಎರಡು ಕೈಯ ಆಯುಧದ ಕೌಶಲ) ಇರುವವರು ಏಟಿನ ಜೋರು ಅಳೆಯುವ ಡ್ಯಾಮೇಜ್ ಡೈಸ್‌ನಲ್ಲಿ 1 ಅಥವಾ 2 ಬಿದ್ದರೆ ಒಂದೇ ಸಲ ಮತ್ತೆ ಹಾಕಬಹುದು. ರೋಲ್20ಯಲ್ಲಿ ಅದು 2ಡಿ6ಆರ್‌ಓ<2. ಅಲ್ಲಿ < ಎಂದರೆ "ಅಷ್ಟು ಅಥವಾ ಅದಕ್ಕಿಂತ ಕಡಿಮೆ". ಅವ್ರೇಯಲ್ಲಿ ಅದೇ ಚಿಹ್ನೆ ಬರೀ "ಕಡಿಮೆ", ಹಾಗಾಗಿ 2ಡಿ6ಆರ್‌ಓ<3. ಫೌಂಡ್ರಿಯಲ್ಲಿ 2ಡಿ6ಆರ್<3. ಈಗ ಫೌಂಡ್ರಿಯ ಈ ಒಂಟಿ ಆರ್ ಅನ್ನು ರೋಲ್20ಗೆ ತಂದರೆ ಏನಾಗುತ್ತದೆ ನೋಡಿ: ಅಲ್ಲಿ ಆರ್ ಎಂದರೆ ಬೇಡದ ಅಂಕಿ ಹೋಗುವವರೆಗೂ ಹಾಕುತ್ತಲೇ ಇರು ಎಂದರ್ಥ. ಒಂದೇ ಸಲ ರೀರೋಲ್ ಮಾಡಿದರೆ 2ಡಿ6ರ ಸರಾಸರಿ 7ರಿಂದ 8.33ಕ್ಕೆ ಏರುತ್ತದೆ, 1, 2 ಪೂರ್ತಿ ಹೋಗುವವರೆಗೂ ಹಾಕಿದರೆ 9 ಆಗುತ್ತದೆ. ಅದರ ಮೇಲೆ <3 ಎಂದೇ ಬಿಟ್ಟರೆ ಅಲ್ಲಿ 3 ಕೂಡ ರೀರೋಲ್ ಆಗಿ ಸರಾಸರಿ 10. ಯಾರೂ ಮೋಸ ಮಾಡಿಲ್ಲ, ಆದರೂ ಪ್ರತಿ ಏಟಿಗೆ ಒಂದೂವರೆಗಿಂತ ಹೆಚ್ಚು ಅಂಕ ಪುಕ್ಕಟೆ. 2024ರ ನಿಯಮದಲ್ಲಿ 1, 2 ಬಿದ್ದರೆ 3 ಎಂದೇ ಎಣಿಸುವುದರಿಂದ ಸರಾಸರಿ 8. ಹಳೆಯ ಮ್ಯಾಕ್ರೋ (ಉಳಿಸಿಟ್ಟ ಸೂತ್ರ) ಹಾಗೇ ಇಟ್ಟುಕೊಂಡು ಹೊಸ ಪುಸ್ತಕ ಆಡುವವರು ಇದನ್ನು ಗಮನಿಸಬೇಕು.

ಕ್ರಿಟಿಕಲ್‌ನದೂ ಇಂಥದೇ ಕಥೆ. 2ಡಿ6+3ಕ್ಕೆ ಕ್ರಿಟ್ ಬಂದರೆ ಡೈಸ್ ಮಾತ್ರ ದುಪ್ಪಟ್ಟು: 4ಡಿ6+3, ಸರಾಸರಿ 17. ಇಡೀ ಸೂತ್ರವನ್ನು ಬ್ರಾಕೆಟ್‌ಗೆ ಹಾಕಿ 2ರಿಂದ ಗುಣಿಸಿದರೆ 20. ಮ್ಯಾಕ್ರೋದಲ್ಲಿ +5 ಎಂದು ನೇರವಾಗಿ ಬರೆದಿಟ್ಟವರು ಐದನೇ ಲೆವೆಲ್‌ಗೆ ಆ +5ರೊಳಗಿನ ಪ್ರೊಫಿಶಿಯೆನ್ಸಿ ಬೋನಸ್ (ಪಳಗಿದ ಕೆಲಸಕ್ಕೆ ಸಿಗುವ ಅಂಕ) +2ರಿಂದ +3 ಆದಾಗ ಅದನ್ನು ತಿದ್ದಲು ಮರೆಯುತ್ತಾರೆ. ಆಮೇಲೆ ತಿಂಗಳುಗಟ್ಟಲೆ ತಮಗೆ ತಾವೇ ಒಂದು ಅಂಕ ಕಡಿಮೆ ಹಾಕಿಕೊಳ್ಳುತ್ತಾರೆ. ಸಾಧ್ಯವಾದರೆ ಕ್ಯಾರೆಕ್ಟರ್ ಶೀಟ್‌ನ ಗುಂಡಿಯನ್ನೇ ಒತ್ತಿ.

2ಡಿ6 ಬೇಕಾದಲ್ಲಿ ಯಾವುದೋ ರ‍್ಯಾಂಡಮ್ ನಂಬರ್ ಆಪ್‌ನಲ್ಲಿ 2ರಿಂದ 12 ಎಂದು ಕೊಡುವುದು ಶುದ್ಧ ತಪ್ಪು. 2ಡಿ6ರಲ್ಲಿ 10 ಅಥವಾ ಹೆಚ್ಚು ಬರುವ ಸಾಧ್ಯತೆ 36ಕ್ಕೆ 6, ಆಪ್‌ನಲ್ಲಿ 11ಕ್ಕೆ 3. ಅಪೊಕಾಲಿಪ್ಸ್ ವರ್ಲ್ಡ್ ಬಗೆಯ ಆಟಗಳಲ್ಲಿ 10 ಅಥವಾ ಹೆಚ್ಚು ಬಂದರೆ ಪೂರ್ಣ ಯಶಸ್ಸು, ಆದ್ದರಿಂದ ಇದು ಆಟವನ್ನೇ ತಲೆಕೆಳಗು ಮಾಡುತ್ತದೆ. ಚೌಕಾಬಾರ ಆಡಿದವರಿಗೆ ಹೇಳಬೇಕಾಗಿಲ್ಲ, ಕವಡೆಯಲ್ಲಿ ಎರಡು ಬಿದ್ದಷ್ಟು ಸುಲಭಕ್ಕೆ ಎಂಟು ಬೀಳುವುದಿಲ್ಲ.

ಬ್ಲೇಡ್ಸ್ ಇನ್ ದ ಡಾರ್ಕ್ ಎಂಬ ಇನ್ನೊಂದು ಆಟದಲ್ಲಿ ಅತಿ ದೊಡ್ಡ ಡಿ6 ಮಾತ್ರ ಲೆಕ್ಕಕ್ಕೆ. ಆದರೆ ಎರಡು 6 ಬಂದರೆ ಕ್ರಿಟ್, ಕೊನೆಯ ಮೊತ್ತದಲ್ಲಿ ಅದು ಕಾಣುವುದಿಲ್ಲ. ಫಲಿತಾಂಶವನ್ನು ಬಿಡಿಸಿ ಒಂದೊಂದು ಡೈಸನ್ನೂ ನೋಡಿ. ಆಟದ ನಿಯಮದಂತೆ ಹಾಕಲು ಒಂದೂ ಡೈಸ್ ಸಿಗದಿದ್ದರೆ 2ಡಿ6ಕೆಎಲ್1.

ವರ್ಚುವಲ್ ಡೈಸ್ ನಿಜಕ್ಕೂ ಮೇಲಾಗುವುದು ಗುಟ್ಟಿನ ಗರದಲ್ಲಿ. ಫೌಂಡ್ರಿಯ ಬ್ಲೈಂಡ್ ರೋಲ್‌ನಲ್ಲಿ ಗುಂಡಿ ಒತ್ತುವುದು ಆಟಗಾರ, ಅಂಕಿ ಕಾಣುವುದು ಡಿಎಂಗೆ ಮಾತ್ರ. ಬಾಗಿಲಲ್ಲಿ ಬಲೆ ಇದೆಯೇ ಎಂದು ಹುಡುಕುವಾಗ 2 ಬಿದ್ದದ್ದು ಕಂಡರೆ ಯಾರೂ "ಏನೂ ಇಲ್ಲ" ಎಂಬ ಉತ್ತರವನ್ನು ನಂಬುವುದಿಲ್ಲ. ಮೇಜಿನ ಮೇಲೆ ಇದನ್ನು ಮಾಡಬೇಕಾದರೆ ಡಿಎಂ ತಾನೇ ಪರದೆ ಹಿಂದೆ ಹಾಕಬೇಕು, ಆಟಗಾರನ ಕೈಯ ಖುಷಿ ಹೋಯಿತು. ರೋಲ್20ಯ ಜಿಎಂರೋಲ್ ಬೇರೆ: ಹಾಕಿದವನಿಗೂ ಕಾಣುತ್ತದೆ.

3ಡಿ ಅನಿಮೇಷನ್ ಬರೀ ಅಲಂಕಾರ. ಫೌಂಡ್ರಿಯ ಡೈಸ್ ಸೋ ನೈಸ್ ಎಂಬ ಸೇರ್ಪಡೆಯಲ್ಲಿ ಡೈಸ್ ಉರುಳುವ ಮೊದಲೇ ಅಂಕಿ ತೀರ್ಮಾನವಾಗಿರುತ್ತದೆ. ಯಾರದ್ದಾದರೂ ಹಳೇ ಲ್ಯಾಪ್‌ಟಾಪ್ ತೊದಲುತ್ತಿದ್ದರೆ ಅವರೊಬ್ಬರ ಮಟ್ಟಿಗೆ ಅದನ್ನು ಆಫ್ ಮಾಡಿ, ಫಲಿತಾಂಶಕ್ಕೆ ಏನೂ ಆಗದು.

ಬೆಂಗಳೂರು, ಮೈಸೂರು, ಅಮೆರಿಕ ಅಂತ ಚದುರಿದ ಗುಂಪುಗಳಲ್ಲಿ ನೆಟ್ ಒಬ್ಬರಿಗಲ್ಲ ಒಬ್ಬರಿಗೆ ಕೈಕೊಟ್ಟೇ ಕೊಡುತ್ತದೆ. ಗುಂಡಿ ಒತ್ತಿದರೂ ಏನೂ ಕಾಣದೆ ಮತ್ತೆ ಒತ್ತುತ್ತಾರೆ, ಆಮೇಲೆ ಎರಡೂ ಒಟ್ಟಿಗೆ ಬಂದು ಕೂರುತ್ತವೆ. ಮೊದಲ ಆಟಕ್ಕೆ ಮುಂಚೆಯೇ ಒಪ್ಪಂದ ಮಾಡಿಕೊಳ್ಳಿ: ಲಾಗ್‌ನಲ್ಲಿ ಮೊದಲು ಬಂದದ್ದೇ ಗರ, 20 ಎರಡನೆಯದರಲ್ಲಿದ್ದರೂ.