ಪೇಡಾ ಬೇಡ ಅನ್ನುವುದಕ್ಕೂ ಒಂದು ಕಾಯಿಲೆ ಬೇಕಾ?

ನಮ್ಮ ಬ್ಯಾಂಕ್ ಬ್ರಾಂಚಿಗೆ ಸ್ವೀಟ್ ಬಾಕ್ಸ್ ಬರದ ವಾರವೇ ಇಲ್ಲ. ಯಾರಿಗೋ ಪ್ರಮೋಷನ್, ಯಾರದೋ ಮಗಳ ಪಿಯುಸಿ ರಿಸಲ್ಟ್, ಇನ್ಯಾರದೋ ಗೃಹಪ್ರವೇಶ. ಹೌಸಿಂಗ್ ಲೋನ್ ಸ್ಯಾಂಕ್ಷನ್ ಆದ ಕಸ್ಟಮರ್ ಬರಿಗೈಯಲ್ಲಿ ಬರುವುದಿಲ್ಲ. ಸಂಕ್ರಾಂತಿಗೆ ಕುಸುರೆಳ್ಳು, ಪಂಚಮಿಗೆ ಶೇಂಗಾ ಉಂಡಿ, ಆಯುಧ ಪೂಜೆಗೆ ಬುಂದೆ ಲಾಡು. ಬೆಳಗಾವಿಯಿಂದ ಡೆಪ್ಯುಟೇಷನ್ ಮುಗಿಸಿ ಬಂದವರು ಕುಂದಾ ತರಲೇಬೇಕು. ಹುಬ್ಬಳ್ಳಿಯಲ್ಲಿ ಇದ್ದು ಧಾರವಾಡ ಪೇಡಾದಿಂದ ತಪ್ಪಿಸಿಕೊಳ್ಳುವುದಂತೂ ಆಗದ ಮಾತು. ಅದರ ರುಚಿ ನನಗೆ ಬೇಡ ಅಂತಲ್ಲ. ಖೋವಾ ಕಂದು ಬಣ್ಣಕ್ಕೆ ತಿರುಗುವ ತನಕ ಹುರಿದು, ಸಕ್ಕರೆ ಪುಡಿಯಲ್ಲಿ ಹೊರಳಿಸಿದ ಆ ಪೇಡಾ ತಿಂದೇ ನಾನು ಬೆಳೆದವಳು.

ನಾನು ಕ್ಯಾಶ್ ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಕ್ಯಾಬಿನ್ ಒಳಗೆ ಹೋದರೆ ಟ್ಯಾಲಿ ಆಗುವ ತನಕ ಕುರ್ಚಿ ಬಿಡುವ ಹಾಗಿಲ್ಲ. ಹೋದ ವರ್ಷ ರಕ್ತ ಪರೀಕ್ಷೆಯಲ್ಲಿ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹ ಇನ್ನೂ ಬಂದಿಲ್ಲ, ಬಾಗಿಲ ಹತ್ತಿರ ನಿಂತಿದೆ ಎಂದು ಡಾಕ್ಟರ್ ಹೇಳಿದರು. ಸೊಂಟದ ಸುತ್ತಳತೆ ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು, ಗಂಡಸರಿಗೆ 90. ನನ್ನದು ಯಾವಾಗಲೋ ದಾಟಿತ್ತು. ತೂಕ ಇಳಿಸಿ, ಆಗ ಮಾತ್ರೆ ಬೇಕಾಗದೇ ಇರಬಹುದು ಅಂದರು. ಅಮ್ಮ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ದಿನಾ ನೋಡಿದವಳು ನಾನು. ಅವತ್ತೇ ಗಟ್ಟಿ ಮನಸ್ಸು ಮಾಡಿದೆ.

ಮನೆಯಲ್ಲಿ ಕಷ್ಟ ಆಗಲಿಲ್ಲ. ರೊಟ್ಟಿ, ಪಲ್ಯ, ಮಜ್ಜಿಗೆ, ಸಂಜೆ ನಡಿಗೆ. ಕಷ್ಟ ಆಗಿದ್ದು ಆಫೀಸಿನಲ್ಲಿ. 'ಒಂದ ತಿಂದ್ರ ಏನಾಗತೈತ್ರಿ' ಎಂಬ ಆ ಮಾತಿನಿಂದ.

ಆ ಮಾತು ಹೇಳುವವರು ಲೆಕ್ಕ ಹಾಕುವುದಿಲ್ಲ. ದಿನಕ್ಕೆ ಸುಮಾರು 25 ಗ್ರಾಂ ಸಕ್ಕರೆಯೊಳಗೆ ಇದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಎರಡೆರಡು ಚಮಚ ಸಕ್ಕರೆ ಹಾಕಿದ ಮೂರು ಕಪ್ ಚಹಾಕ್ಕೇ ಅದು ಮುಗಿಯಿತು. ಪೇಡಾ ಅದರ ಮೇಲೆ. ಮತ್ತೆ ಆ 'ಒಂದು' ಅನ್ನುವುದು ಅವರಿಗೆ ಒಂದು. ತಿನ್ನುವವಳಿಗೆ ಬೆಳಿಗ್ಗೆ ಲೋನ್ ಸೆಕ್ಷನ್ನಿನವರದು, ಮಧ್ಯಾಹ್ನ ಗೋಲ್ಡ್ ಅಪ್ರೈಸರ್ ತಂದಿದ್ದು, ಸಂಜೆ ಕಸ್ಟಮರ್ ಕೊಟ್ಟಿದ್ದು.

ಆ ದಿನದ ಸಂಗತಿ ಇನ್ನೂ ಚುಚ್ಚುತ್ತದೆ. ತಿಂಗಳ ಮೊದಲ ವಾರ, ಪೆನ್ಷನ್ ರಶ್. ಕ್ಯಾಶ್ ಕ್ಲೋಸ್ ಮಾಡುವ ಹೊತ್ತು. ಪೆಟ್ರೋಲ್ ಬಂಕಿನ ಡೆಪಾಸಿಟ್ ಬಂದಿತ್ತು, ಐನೂರರ ನೋಟುಗಳನ್ನು ವಿಂಗಡಿಸುತ್ತಿದ್ದೆ. ಆಫೀಸರುಗಳ ಮುಂದಿನ ದರ್ಜೆಯಾದ ಸ್ಕೇಲ್ ಟೂ ಪ್ರಮೋಷನ್ನಿನ ರಿಸಲ್ಟ್ ಅವತ್ತೇ ಬಂದಿತ್ತು. ಪಾಸಾದ ಸಹೋದ್ಯೋಗಿ ಬಾಕ್ಸ್ ಹಿಡಿದು ಸೀದಾ ಕ್ಯಾಬಿನ್ ಒಳಗೇ ಬಂದರು. ಕ್ಯಾಶ್ ತೆರೆದಿರುವಾಗ ಅಲ್ಲಿ ಬೇರೆಯವರು ಕಾಲಿಡುವ ಹಾಗಿಲ್ಲ. ಆದರೆ ಅವರ ಹಿಂದೆ ಮ್ಯಾನೇಜರೇ ನಗುತ್ತ ನಿಂತಿದ್ದರು. ಒಬ್ಬರು ಫೋಟೋ ತೆಗೆಯಲು ಮೊಬೈಲ್ ಹಿಡಿದಿದ್ದರು.

'ಬಾಯಿ ತೆಗೀರಿ ಮೇಡಂ.'

'ಭಾಳ ಖುಷಿ ಆತು ಸರ್. ಆದ್ರ ನನಗ ಬ್ಯಾಡ್ರಿ.'

'ಅಂದ್ರ ನನ್ನ ಪ್ರಮೋಷನ್ ನಿಮಗ ಸೇರಲಿಲ್ಲೇನು?'

ಎಲ್ಲರೂ ನಕ್ಕರು. ಪೇಡಾ ತುಟಿಗೆ ತಾಗಿತು. ನಾನು ಮುಖ ತಿರುಗಿಸಿ ಕೈ ಅಡ್ಡ ಹಿಡಿದೆ. ಪೇಡಾ ಜಾರಿ ನೋಟಿನ ಮೇಲೆ ಬಿದ್ದು ಒಡೆಯಿತು. ಸಕ್ಕರೆ ಪುಡಿ ಕೌಂಟಿಂಗ್ ಮೆಷೀನ್ ತನಕ ಹಾರಿತ್ತು.

ನಗು ನಿಂತಿತು. ಗಾಜಿನಾಚೆ ಸರತಿಯಲ್ಲಿ ನಿಂತ ಅಜ್ಜಂದಿರು, ಅಜ್ಜಿಯರು ನನ್ನನ್ನೇ ನೋಡುತ್ತಿದ್ದರು. 'ಒಂದ ಪೇಡಾಕ್ಕ ಇಷ್ಟೇನ್ರಿ ಮೇಡಂ' ಎಂದರು ಮ್ಯಾನೇಜರ್. ಪ್ರಮೋಷನ್ ಸಿಕ್ಕವರ ಮುಖ ಕೆಂಪಾಗಿತ್ತು. ನನಗೆ ಬೇರೆ ದಾರಿ ಕಾಣಲಿಲ್ಲ. 'ನನಗ ಶುಗರ್ ಐತ್ರಿ ಸರ್' ಅಂದುಬಿಟ್ಟೆ. ತಕ್ಷಣ ಎಲ್ಲರ ದನಿ ಮೆತ್ತಗಾಯಿತು. ಅಯ್ಯೋ, ಮೊದಲೇ ಹೇಳಬಾರದಾ, ಸಾರಿ ಮೇಡಂ.

ಆ ಸಂಜೆ ಕ್ಯಾಶ್ ಟ್ಯಾಲಿ ಆಗಲಿಲ್ಲ. ಐನೂರು ಶಾರ್ಟ್. ಮೆಷೀನ್ ಎರಡು ಸಲ ಎಣಿಸಿ ಎರಡು ಲೆಕ್ಕ ಕೊಟ್ಟಿತು. ಕೊನೆಗೆ ಒಂದೊಂದೇ ಕಟ್ಟು ಬಿಚ್ಚಿ ಕೈಯಲ್ಲಿ ಎಣಿಸಿದೆ. ನನ್ನ ಜೊತೆ ತಿಜೋರಿಯ ಹೊಣೆ ಇರುವ ಜಾಯಿಂಟ್ ಕಸ್ಟೋಡಿಯನ್ ಚಾವಿ ಹಿಡಿದು ಗಡಿಯಾರ ನೋಡುತ್ತಿದ್ದರು. ಬೆವರಿದ ಕೈ, ಒಣಗಿದ ಗಂಟಲು. ಖೋವಾ ಜಿಡ್ಡಿಗೆ ಎರಡು ನೋಟು ಅಂಟಿಕೊಂಡಿದ್ದವು. ಬಿಡಿಸಿದ ಮೇಲೆ ಡೇ ಎಂಡ್ ಆಯಿತು. ಪೇಡಾ ಹಿಡಿದು ಒಳಗೆ ನುಗ್ಗಿದವರಲ್ಲಿ ಒಬ್ಬರೂ ಆಗ ಅಲ್ಲಿರಲಿಲ್ಲ.

ಶುಗರ್ ಅಂದರೆ ಮಾತು ಮುಗಿಯುತ್ತದೆ ಎಂದುಕೊಂಡಿದ್ದೆ. ಮಾರನೇ ದಿನದಿಂದ ಬೆಲ್ಲದ ಚಿಕ್ಕಿ ಬಂತು. 'ಸಕ್ಕರೆ ಅಲ್ರಿ, ಬೆಲ್ಲ' ಎನ್ನುವ ಒತ್ತಾಯ ಬೇರೆ. ಬೆಲ್ಲದಲ್ಲೂ ಬಹುಪಾಲು ಸಕ್ಕರೆಯೇ ಇರುತ್ತದೆ, ಕ್ಯಾಲೊರಿಯೂ ಹೆಚ್ಚುಕಮ್ಮಿ ಅಷ್ಟೇ. ಶುಗರ್‌ಲೆಸ್ ಬರ್ಫಿ ಬಂತು. ಸಕ್ಕರೆ ಇಲ್ಲ ಸರಿ, ಖೋವಾ ತುಪ್ಪ ಎಲ್ಲಿ ಹೋಯಿತು? ಹಾಗಲಕಾಯಿ ರಸದ ಸಲಹೆ ಕೊಡದವರಿಲ್ಲ. ಕಸ್ಟಮರ್ ಒಬ್ಬರು ಕೌಂಟರಿನಲ್ಲೇ 'ಎಷ್ಟದ ಶುಗರ್?' ಎಂದು ಕೇಳಿದರು. ಇನ್ನೂ ಬಾರದ ಕಾಯಿಲೆ ನನ್ನ ಗುರುತಾಯಿತು.

ನನಗೆ ನೋವಾಗಿದ್ದು ಇದೇ. ನಾನು ಬೇಡ ಅಂದಾಗ ಅದಕ್ಕೆ ಬೆಲೆ ಇರಲಿಲ್ಲ. ಕಾಯಿಲೆ ಹೇಳಿದ ಮೇಲೆ ಬೆಲೆ ಬಂತು. ತೂಕ ಇಳಿಸುತ್ತಿದ್ದೇನೆ ಅಂದರೆ 'ನೀವೇನ್ ದಪ್ಪ ಇಲ್ಲ ಬಿಡ್ರಿ' ಅಂತಾರೆ. ಅದು ಪ್ರೀತಿಯಿಂದ ಬಂದ ಮಾತೇ ಇರಬಹುದು. ಹಾಗಂತ ಅದಕ್ಕೆ ತಲೆಬಾಗಬೇಕಾಗಿಲ್ಲ, ಅಲ್ವಾ?

ಮೇಲಿನ ಆಫೀಸಿನವರ ಕಥೆಯೂ ಇದೇ. ವರ್ಷಕ್ಕೊಮ್ಮೆ ಹೆಲ್ತ್ ಕ್ಯಾಂಪ್ ಮಾಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದ ಮೇಲೆ ಶಿರಾ ಮತ್ತು ವಡೆ ಕೊಡುತ್ತಾರೆ. ರಿವ್ಯೂ ಮೀಟಿಂಗಿನಲ್ಲಿ ಸಮೋಸಾ, ಜಾಮೂನು. ಒಂದು ಬಾಳೆಹಣ್ಣು, ಹುರಿದ ಶೇಂಗಾ ಇಡುವುದಕ್ಕೆ ಯಾವ ಸರ್ಕ್ಯುಲರ್ ಬೇಕು?

ಈಗ ನಾನು ಕಾರಣ ಹೇಳುವುದನ್ನು ಬಿಟ್ಟಿದ್ದೇನೆ. ಕಾರಣ ಕೊಟ್ಟರೆ ವಾದ ಶುರುವಾಗುತ್ತದೆ. ಎದ್ದು ನಿಂತು ಕೈ ಕುಲುಕುತ್ತೇನೆ, ಮಗಳ ಮಾರ್ಕ್ಸ್ ಕೇಳುತ್ತೇನೆ, ಹೊಸ ಮನೆಯ ಫೋಟೋ ನೋಡುತ್ತೇನೆ. ಅವರಿಗೆ ಬೇಕಾದದ್ದು ಮುಕ್ಕಾಲು ಪಾಲು ಅದೇ. ಪೇಡಾಕ್ಕೆ ಮಾತ್ರ 'ಬ್ಯಾಡ್ರಿ'. ಮತ್ತೆ ಕೇಳಿದರೂ ಅದೇ ಮಾತು, ಅದೇ ದನಿ. ಮನೆಗೆ ಒಯ್ಯುತ್ತೇನೆ ಎಂದು ಕಾಗದದಲ್ಲಿ ಕಟ್ಟಿಕೊಳ್ಳುವುದೂ ಬಂದ್. ಅದು ರಾತ್ರಿ ಟಿವಿ ಮುಂದೆ ಖಾಲಿ ಆಗುತ್ತಿತ್ತು. ನಾಲ್ಕು ಗಂಟೆಯ ಹಸಿವಿನಲ್ಲಿ ಮನಸ್ಸು ಸಡಿಲ ಆಗುತ್ತದೆ, ಹಾಗಾಗಿ ಮೂರೂವರೆಗೆ ಡಬ್ಬಿಯಿಂದ ಶೇಂಗಾ ತಿಂದು ಮಜ್ಜಿಗೆ ಕುಡಿಯುತ್ತೇನೆ. ಕ್ಯಾಬಿನ್ ಬಾಗಿಲು ಒಳಗಿನಿಂದ ಲಾಕ್. ಇನ್‌ಸ್ಪೆಕ್ಷನ್ ರಿಪೋರ್ಟ್ ತೋರಿಸಿ, ಕ್ಯಾಶ್ ತೆರೆದಿರುವಾಗ ಒಳಗೆ ಬೇರೆಯವರು ಬರುವ ಹಾಗಿಲ್ಲ ಎಂದು ಮ್ಯಾನೇಜರಿಗೂ ಹೇಳಿದ್ದೇನೆ.

ಆದರೆ ನಾನೇ ಎಷ್ಟು ಸಲ ಬೇಡ ಅಂದರೂ ಆಗದ ಕೆಲಸ, ಪಕ್ಕದವರ ಒಂದು ಮಾತಿಗೆ ಆಗುತ್ತದೆ. ಮೊನ್ನೆ ಹೊಸದಾಗಿ ಸೇರಿದ ಕ್ಲರ್ಕ್ ಹುಡುಗಿಗೆ ಕರದಂಟು ಹಿಡಿದು ನಿಂತಿದ್ದರು. ಅವಳು ಬೇಡ ಅಂದಳು, ಅವರು ಬಿಡಲಿಲ್ಲ. ಅವಳು ನನ್ನ ಕಡೆ ನೋಡಿದಳು. 'ಬ್ಯಾಡ ಅಂದಾಳಲ್ರಿ, ಬಿಡ್ರಿ' ಅಂದೆ. ಅವರು ಸುಮ್ನೆ ಬಾಕ್ಸ್ ಮುಚ್ಚಿ ಪ್ಯಾಂಟ್ರಿಯ ಟೇಬಲ್ ಮೇಲೆ ಇಟ್ಟರು. ಬೇಕಾದವರು ಹೋಗಿ ತಿಂದರು. ಆ ವಾರದಿಂದ ಬಾಕ್ಸ್ ಅಲ್ಲೇ ಇರುತ್ತದೆ.