ಎಲ್ಲಿಗೆ ನಿಲ್ಲಿಸಿದ್ದೆ?

ಜುಲೈ 27, 2025, ಭಾನುವಾರ
ಚಿಕ್ಕಮಗಳೂರು

ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಈ ಸಲದ ಬೇಸಿಗೆ ಸೇಲ್ ಬಂತು, ಹೋಯಿತು. ನಾನು ಒಂದೂ ಗೇಮ್ ಕೊಳ್ಳಲಿಲ್ಲ. ಇರುವುದನ್ನು ಮುಗಿಸಿದ ಮೇಲೇ ಹೊಸದು ಅಂತ ಹಟ ಹಿಡಿದಿದ್ದೇನೆ. ಪುಷ್ಯ ಮಳೆ ಬಿಡುವು ಕೊಡದೆ ಹೊಯ್ಯುತ್ತಿದೆ. ಭಾನುವಾರ ಗಿರಿ ಕಡೆ ಹೋಗೋಣ ಅಂದರೆ ಕೈಮರದಿಂದಲೇ ಪ್ರವಾಸಿಗರ ಕಾರಿನ ಸಾಲು. ಮನೆಯಲ್ಲಿ ಕೂತು ಅರ್ಧಕ್ಕೆ ಬಿಟ್ಟ ಗೇಮ್‌ಗಳ ಬಾಕಿ ತೀರಿಸುವುದಕ್ಕೆ ಇದಕ್ಕಿಂತ ಒಳ್ಳೆ ತಿಂಗಳು ಸಿಗುವುದಿಲ್ಲ.

ಬಾಕಿ ಇಷ್ಟು ಬೆಳೆದಿದ್ದು ಹೇಗೆ ಅಂತ ಕೇಳಬೇಡಿ. 2015ರ ಕೊನೆಗೆ ಸ್ಟೀಮ್ ರೂಪಾಯಿಯಲ್ಲಿ ಬೆಲೆ ತೋರಿಸಲು ಶುರು ಮಾಡಿತು. ಅದಕ್ಕೂ ಮುಂಚೆ ಡಾಲರ್ ನೋಡಿಯೇ ಕೈ ಹಿಂದೆ ಬರುತ್ತಿತ್ತು. ಆಮೇಲೆ ಎಪಿಕ್ ಸ್ಟೋರ್ ಅಂತ ಇನ್ನೊಂದು ಅಂಗಡಿ ಬಂತು. ವಾರ ವಾರ ಪುಕ್ಕಟೆ ಗೇಮ್. 2020ರ ಮೇನಲ್ಲಿ ಜಿಟಿಎ 5 ಕೂಡ ಹಾಗೇ ಕೊಟ್ಟರು. ಲಾಕ್‌ಡೌನ್ ಬೇರೆ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅಂತ ಒಟ್ಟುಹಾಕಿದ್ದೇ ಬಂತು.

ಟೈಮ್ ಇಲ್ಲ, ಅದಕ್ಕೇ ಮುಗಿಸಲಾಗಲಿಲ್ಲ ಅಂತ ಜಾಸ್ತಿ ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬ್ಯಾಂಕಿನಿಂದ ಬಂದು ಕಾಫಿ ಕುಡಿದ ಮೇಲೆ ರಾತ್ರಿ ಊಟದವರೆಗೆ ಟೈಮ್ ಹೇಗೋ ಸಿಗುತ್ತದೆ. ಕಷ್ಟ ಇರುವುದು ವಾಪಸ್ ಹೋಗುವುದರಲ್ಲಿ. ವರ್ಷಗಟ್ಟಲೆ ಬಿಟ್ಟು ಹಳೇ ಸೇವ್, ಅಂದರೆ ಆಟ ನಿಲ್ಲಿಸಿ ಉಳಿಸಿಟ್ಟ ಜಾಗ, ತೆರೆದರೆ ಯಾವ ಬಟನ್‌ಗೆ ಕತ್ತಿ ಬೀಸುತ್ತಾನೆ, ಯಾವುದಕ್ಕೆ ಉರುಳಿ ತಪ್ಪಿಸಿಕೊಳ್ಳುತ್ತಾನೆ, ಒಂದೂ ನೆನಪಿರುವುದಿಲ್ಲ. ಗೇಮ್ ಪಾಠ ಹೇಳಿಕೊಡುವುದು ಶುರುವಿನ ಒಂದೆರಡು ಗಂಟೆ ಮಾತ್ರ. ಆಮೇಲೆ ಇವರು ಕಲಿತಾಯಿತು ಅಂತ ಕಷ್ಟ ಏರಿಸುತ್ತಾ ಹೋಗುತ್ತದೆ. ನಡುವೆ ಬಂದು ಸೇರಿದವರಿಗೆ ಏಟೇ ಗತಿ. ಅದಕ್ಕೇ ಎಲ್ಲರೂ ಮೊದಲಿಂದ ಶುರು ಮಾಡುತ್ತಾರೆ, ಮತ್ತೆ ಅದೇ ಜಾಗಕ್ಕೆ ಬಂದು ಸುಸ್ತಾಗಿ ಬಿಡುತ್ತಾರೆ. ನಾನು ಈ ಸಲ ಒಂದೇ ನಿಯಮ ಇಟ್ಟುಕೊಂಡೆ. ಮೊದಲಿಂದ ಶುರು ಮಾಡುವಂತಿಲ್ಲ. ಬಿಟ್ಟಲ್ಲಿಂದಲೇ.

ಮೊದಲು ತೆರೆದಿದ್ದು ವಿಚರ್ 3. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ 2015ರಲ್ಲಿ ತಂದ ಗೇಮ್. ಮುಖ್ಯ ಕತೆಗೇ ಸುಮಾರು 50 ಗಂಟೆ ಬೇಕು. ನನ್ನ ಗೆರಾಲ್ಟ್, ಅಂದರೆ ಪಿಶಾಚಿ ಬೇಟೆಯಾಡುವ ಕಥಾನಾಯಕ, ನೊವಿಗ್ರಾಡ್ ಪೇಟೆಯಲ್ಲಿ ಮಳೆಯಲ್ಲಿ ನಿಂತಿದ್ದ. ಈ ಗೇಮ್ ಒಂದು ಉಪಕಾರ ಮಾಡುತ್ತದೆ. ಸೇವ್ ಲೋಡ್ ಆಗುವಷ್ಟು ಹೊತ್ತು ಡ್ಯಾಂಡೆಲಿಯನ್ ಅನ್ನುವ ಕವಿಯ ದನಿಯಲ್ಲಿ ಇಲ್ಲಿಯವರೆಗಿನ ಕತೆ ಕೇಳಿಸುತ್ತದೆ. ತಮಾಷೆ ಅಂದರೆ ನಾನು ನಿಲ್ಲಿಸಿದ್ದ ಜಾಗದಲ್ಲಿ ಆ ಡ್ಯಾಂಡೆಲಿಯನ್ನೇ ಕಾಣೆಯಾಗಿದ್ದಾನೆ. ಅವನನ್ನು ಹುಡುಕುವುದೇ ಗೆರಾಲ್ಟ್‌ನ ಕೆಲಸ. ತಪ್ಪಿಸಿಕೊಂಡವನೇ ಕೂತು ಕತೆ ಹೇಳುತ್ತಾನೆ, ಎಲ್ಲಿದ್ದೀನಿ ಅಂತ ಮಾತ್ರ ಹೇಳುವುದಿಲ್ಲ.

ಕತೆ ನೆನಪಾಯಿತು. ಕೈಗೆ ನೆನಪಾಗಲಿಲ್ಲ. ಹೊಳೆ ದಂಡೆಯ ಡ್ರೌನರ್‌ಗಳು, ಆ ಗೇಮ್‌ನಲ್ಲೇ ತೀರಾ ಚಿಲ್ಲರೆ ಪಿಶಾಚಿಗಳು, ನನ್ನನ್ನು ಕೊಂದುಹಾಕಿದವು. ಕ್ವೆನ್ ಅಂತ ಮೈಗೆ ರಕ್ಷೆ ಕಟ್ಟುವ ಮಂತ್ರವೊಂದಿದೆ ಅನ್ನುವುದು ಆಮೇಲೆ ಹೊಳೆಯಿತು. ಮನುಷ್ಯರಿಗೆ ಉಕ್ಕಿನ ಕತ್ತಿ, ಪಿಶಾಚಿಗಳಿಗೆ ಬೆಳ್ಳಿ ಕತ್ತಿ ಅನ್ನುವುದು ಮಾತ್ರ ಹೇಗೋ ಉಳಿದಿತ್ತು. ಹೋಟೆಲುಗಳಲ್ಲಿ ಕೂತು ಗ್ವೆಂಟ್ ಇಸ್ಪೀಟು ಆಡುವುದಂತೂ ಒಂಚೂರೂ ಮರೆತಿರಲಿಲ್ಲ. ಬಹುಶಃ ಕತೆ ಮುಂದೆ ಹೋಗದೇ ಇದ್ದದ್ದೂ ಅದರಿಂದಲೇ.

ರೆಡ್ ಡೆಡ್ ರಿಡೆಂಪ್ಶನ್ 2 ವಿಷಯ ಬೇರೆ. ಕಂಪ್ಯೂಟರ್‌ಗೆ 2019ರಲ್ಲಿ ಬಂದಾಗಲೇ 150 ಜಿಬಿ ಜಾಗ ಬೇಕು ಅಂದಿತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದೇ 512. ಇದೊಂದು ಇದ್ದರೆ ಬೇರೆಯವರಿಗೆ ಕಾಲು ಚಾಚಲು ಜಾಗ ಇಲ್ಲ. 1899ರ ಅಮೆರಿಕ, ಕುದುರೆ, ದರೋಡೆಕೋರರ ಗುಂಪು. ಎಲ್ಲವೂ ನಿಧಾನ. ಕಪಾಟು ತೆರೆಯುವುದನ್ನೂ, ಒಳಗಿನ ಡಬ್ಬಿ ಕೈಗೆತ್ತಿಕೊಳ್ಳುವುದನ್ನೂ ಪೂರ್ತಿ ತೋರಿಸುತ್ತಾರೆ. ಕೆಲವರಿಗೆ ಅದೇ ಇಷ್ಟ. ನನಗೆ ಬ್ಯಾಂಕಿನಲ್ಲಿ ದಿನವಿಡೀ ಡ್ರಾಯರ್ ತೆರೆದು ಮುಚ್ಚಿ ಬಂದ ಮೇಲೆ ಅದು ಬೇಡ.

ಆದರೂ ಅದರಲ್ಲಿ ಒಂದು ಚಿನ್ನದಂಥ ಸಂಗತಿ ಇದೆ. ಕಥಾನಾಯಕ ಆರ್ಥರ್ ಮಾರ್ಗನ್ ದಿನಚರಿ ಬರೆಯುತ್ತಾನೆ. ನಾವು ಆಡಿದ್ದೆಲ್ಲ ಅವನ ಕೈಬರಹದಲ್ಲಿ ಚೀಲದಲ್ಲಿರುತ್ತದೆ, ಪಕ್ಕದಲ್ಲಿ ಪೆನ್ಸಿಲ್ ಚಿತ್ರಗಳು. ಯಾರನ್ನು ಭೇಟಿ ಮಾಡಿದ, ಯಾರ ಮೇಲೆ ಅನುಮಾನ, ಯಾವ ಪ್ರಾಣಿ ಕಂಡ. ಬಾಯಿ ಬಿಟ್ಟರೆ ಒರಟು ಮನುಷ್ಯ, ಬರೆಯುವಾಗ ಮಾತ್ರ ಮೆತ್ತಗೆ. ಬುಧವಾರ ಸಂಜೆ ಗೇಮ್ ತೆರೆದು ಬರೀ ಅವನ ದಿನಚರಿ ಓದಿದೆ. ಕುದುರೆ ಹತ್ತಲೇ ಇಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು. ಇನ್ವರ್ಟರ್ ಕೂಡ ಕುಯ್ಯೋ ಅಂದಿತು. ಕಳೆದುಕೊಳ್ಳಲು ಏನೂ ಇರಲಿಲ್ಲ, ಓದಿದ್ದು ಓದಿ ಆಗಿತ್ತಲ್ವಾ? ಮಾರನೇ ದಿನ ಗೇಮ್ ಅಳಿಸಿದೆ. ಮುಗಿಸಿದವರ ಪಟ್ಟಿಗೆ ನಾನು ಸೇರದಿದ್ದರೂ ಬೇಜಾರಿಲ್ಲ.

ಆ ಖಾಲಿ ಜಾಗದಲ್ಲಿ ಎರಡು ಚಿಕ್ಕ ಗೇಮ್ ಬಂದು ಕೂತವು, ಮುಗಿದೂ ಹೋದವು. ಫೈರ್‌ವಾಚ್, 2016ರದ್ದು. 1989ರ ಬೇಸಿಗೆ, ವಯೋಮಿಂಗ್ ಕಾಡು, ಗೋಪುರದಲ್ಲಿ ಕೂತು ಬೆಂಕಿ ಕಾಯುವ ಹೆನ್ರಿ. ಜೊತೆಗೆ ವಾಕಿಟಾಕಿಯಲ್ಲಿ ಡೆಲೈಲಾ ಎಂಬ ಹೆಂಗಸಿನ ದನಿ. ನಮ್ಮ ಗಿರಿಯ ಹುಲ್ಲುಗಾವಲು ಫೆಬ್ರುವರಿ, ಮಾರ್ಚ್‌ನಲ್ಲಿ ಒಣಗಿ ನಿಂತಾಗ ಇಲ್ಲೂ ಬೆಂಕಿ ಕಾಯುವವರು ಇರುತ್ತಾರೆ. ಹೆನ್ರಿಯಂತೆ ಗೋಪುರದಲ್ಲಿ ಕೂರುವುದಲ್ಲ, ಹಸಿ ಸೊಪ್ಪು ಹಿಡಿದು ಬಡಿದು ಆರಿಸುವುದು. ಈ ಊರಿನವರು ಆಡಲೇಬೇಕಾದ ಗೇಮ್ ಇದು. ಎರಡನೆಯದು ರಾಜಿ. ಪುಣೆಯವರು ಮಾಡಿ 2020ರಲ್ಲಿ ತಂದದ್ದು. ತಮ್ಮನನ್ನು ರಾಕ್ಷಸರು ಎತ್ತಿಕೊಂಡು ಹೋದರು ಅಂತ ಹುಡುಗಿಯೊಬ್ಬಳು ಹುಡುಕಿ ಹೊರಡುತ್ತಾಳೆ. ದುರ್ಗೆ ಮತ್ತು ವಿಷ್ಣು ಮಾತಾಡಿಕೊಳ್ಳುತ್ತಾ ಅವಳ ಕತೆ ಹೇಳುತ್ತಾರೆ. ನೋಡಲು ಚೆಂದ, ಕೊನೆ ಮಾತ್ರ ದಿಢೀರ್ ಅಂತ ನಿಂತುಬಿಡುತ್ತದೆ. ಇದನ್ನು ಅರ್ಧಕ್ಕೆ ಬಿಟ್ಟಿದ್ದು ನಾನಲ್ಲ, ಗೇಮೇ ಬಿಟ್ಟಿದ್ದು.

ಈಗ ಇವತ್ತಿನ ವಿಷಯಕ್ಕೆ ಬರುತ್ತೇನೆ. ಅಣ್ಣನ ಮಗ ಮೂಡಿಗೆರೆಯಿಂದ ಬಂದಿದ್ದಾನೆ. ಒಂಬತ್ತನೇ ಕ್ಲಾಸು. ನಾಳೆ ಮಳೆ ರಜೆ ಸಿಗಬಹುದು ಅಂತ ಡಿಸಿ ಆದೇಶಕ್ಕೆ ಕಾಯುತ್ತಾ ಕೂತಿದ್ದವನು ನಾನು ಹಾಲೋ ನೈಟ್ ತೆರೆದದ್ದು ನೋಡಿ ಕುರ್ಚಿ ಎಳೆದುಕೊಂಡು ಬಂದ.

ಹಾಲೋ ನೈಟ್ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಟೀಮ್ ಚೆರಿ ಎಂಬ ಪುಟ್ಟ ತಂಡ ಮಾಡಿದ್ದು. 2017ರಲ್ಲಿ ಬಂತು. ನೆಲದಡಿಯಲ್ಲಿ ಹಾಳುಬಿದ್ದ ಹುಳುಗಳ ರಾಜ್ಯ. ಹಳಬರನ್ನು ವಾಪಸ್ ಕರೆದುಕೊಳ್ಳುವ ಮರ್ಯಾದೆ ಈ ಗೇಮ್‌ಗೆ ಇಲ್ಲವೇ ಇಲ್ಲ ಅಂದುಕೊಂಡಿದ್ದೆ. ಕವಿ ಇಲ್ಲ, ದಿನಚರಿ ಇಲ್ಲ, ಮುಂದೆ ಎಲ್ಲಿಗೆ ಹೋಗಬೇಕು ಅನ್ನುವ ಬಾಣದ ಗುರುತೂ ಇಲ್ಲ. ಮ್ಯಾಪ್ ಕೂಡ ಪುಕ್ಕಟೆ ಅಲ್ಲ. ಆಯಾ ಜಾಗದಲ್ಲಿ ಕಾರ್ನಿಫರ್ ಅನ್ನುವವನನ್ನು ಹುಡುಕಿ ಕೊಳ್ಳಬೇಕು. ಕೊಂಡರೂ ನಾವು ಎಲ್ಲಿದ್ದೇವೆ ಅಂತ ತೋರಿಸುವುದಿಲ್ಲ. ಅದಕ್ಕೆ ದಿಕ್ಸೂಚಿಯ ತಾಯತವೊಂದನ್ನು ಕಟ್ಟಿಕೊಳ್ಳಬೇಕು. ನಾನು ಯಾವ ಕಾಲದಲ್ಲೋ ಅದನ್ನು ಬಿಚ್ಚಿಟ್ಟು ಬೇರೆ ತಾಯತ ಕಟ್ಟಿಕೊಂಡಿದ್ದೆ.

"ಅತ್ತೆ, ನೀನೀಗ ಬೆಂಚ್ ಮೇಲೇ ಇದ್ದೀಯ. ಇಲ್ಲೇ ಬದಲಾಯಿಸ್ಕೋ. ಎದ್ದು ಹೋದ್ರೆ ಮತ್ತೆ ಆಗಲ್ಲ."

ಬದಲಾಯಿಸಿಕೊಂಡೆ. ಎಲ್ಲಿಗೆ ಹೋಗುವುದು ಅಂತ ಗೊತ್ತಿಲ್ಲದೆ ಅಣಬೆಗಳ ನಡುವೆ ಕೆಳಕ್ಕೆ ಇಳಿಯುತ್ತಾ ಹೋದೆ. ಮ್ಯಾಂಟಿಸ್‌ಗಳ ಹಳ್ಳಿ ಬಂತು. ಕುಡುಗೋಲಿನಂಥ ಕೈ ಇರುವ ಎತ್ತರದ ಹುಳುಗಳು. ಇವು ಹಿಂದೆ ನನ್ನನ್ನು ಎಷ್ಟು ಗೋಳಾಡಿಸಿದ್ದವು ಅನ್ನುವುದಷ್ಟೇ ನೆನಪಿತ್ತು. ಬೆರಳು ಬಿಗಿ ಹಿಡಿದು ಒಳಗೆ ಕಾಲಿಟ್ಟೆ. ಮೊದಲನೆಯದು ನನ್ನನ್ನು ನೋಡಿತು. ಮೇಲೆ ಬೀಳಲಿಲ್ಲ. ತಲೆ ಬಾಗಿಸಿತು. ಮುಂದೆ ಹೋದೆ, ಇನ್ನೊಂದೂ ಹಾಗೇ.

"ಅತ್ತೇ! ಮ್ಯಾಂಟಿಸ್ ಲಾರ್ಡ್ಸ್‌ನ ಸೋಲಿಸಿದ್ದೀಯಾ ನೀನು?"

"ನಾನಾ? ಯಾವಾಗ?"

"ಇಲ್ಲಾಂದ್ರೆ ಇವು ಬಗ್ಗೋದೇ ಇಲ್ಲ. ಅವರು ಇವುಗಳ ದೊರೆಗಳು. ಮೊದಲು ಒಬ್ರು ಬರ್ತಾರೆ, ಆಮೇಲೆ ಇಬ್ಬರು ಒಟ್ಟಿಗೆ. ನನಗೇ ಎಷ್ಟು ದಿನ ಆಯ್ತು ಗೊತ್ತಾ!"

ನನಗೆ ಆ ಜಗಳದ ಒಂದು ಕ್ಷಣವೂ ನೆನಪಿಲ್ಲ. ಆದರೆ ಆ ಹಳ್ಳಿಗೆ ನೆನಪಿದೆ. ಸೋತವರ ಊರಿನಲ್ಲಿ ಈಗ ಯಾರೂ ನನ್ನ ಮೇಲೆ ಕೈ ಎತ್ತುವುದಿಲ್ಲ. ನಾಲ್ಕು ಸಾಲಿನ ಸಾರಾಂಶಕ್ಕಿಂತ, ಲೋಡಿಂಗ್ ಪರದೆಯ ಕತೆಗಿಂತ ಇದು ಎಷ್ಟೋ ಮೇಲು ಅನ್ನಿಸಿತು. ಹುಡುಗ ಅತ್ತೆಯನ್ನು ನೋಡುವ ರೀತಿಯೇ ಸ್ವಲ್ಪ ಬದಲಾಯಿತು, ಸುಳ್ಳೇಕೆ ಹೇಳಲಿ, ಅದೂ ಚೆನ್ನಾಗಿತ್ತು.

ಅಲ್ಲಿಂದ ಸಿಟಿ ಆಫ್ ಟಿಯರ್ಸ್. ಇಡೀ ನಗರದ ಮೇಲೆ ಮಳೆ ನಿಲ್ಲುವುದೇ ಇಲ್ಲ. ನೆಲದಡಿಯಲ್ಲಿ ಮಳೆ ಎಲ್ಲಿಂದ ಬಂತು ಅಂದರೆ, ಮೇಲೊಂದು ದೊಡ್ಡ ಕೆರೆ ಇದೆ, ಅದು ಸೋರುತ್ತದೆ. ನಮ್ಮ ಹಂಚಿನ ಸದ್ದಿಗೂ ಹೆಡ್‌ಫೋನಿನ ಸದ್ದಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅಲ್ಲಿ ಸೋಲ್ ಮಾಸ್ಟರ್ ಅನ್ನುವ ದೊಡ್ಡ ಶತ್ರು ಸಿಕ್ಕಿದ. ಹೊಡೆದೆ, ಹೊಡೆಸಿಕೊಂಡೆ, ಕೊನೆಗೂ ಬಿದ್ದ. ಎದ್ದು ನಿಂತು ಕೈ ತಟ್ಟುವಷ್ಟರಲ್ಲಿ ವಾಪಸ್ ಬಂದು ನೆಲವನ್ನೇ ಒಡೆದು ನನ್ನನ್ನು ಮುಗಿಸಿದ. ಸತ್ತ ಹಾಗೆ ನಾಟಕ ಮಾಡುತ್ತಾನಂತೆ. ಪಕ್ಕದಲ್ಲಿ ಕೂತವನಿಗೆ ಮೊದಲೇ ಗೊತ್ತಿತ್ತು. ನಗುತ್ತಾ ಇದ್ದ.

"ಮೊದಲೇ ಹೇಳೋದಲ್ವೇನೋ?"

"ಹೇಳಿದ್ರೆ ಮಜಾ ಇರಲ್ಲ ಅತ್ತೆ."

ಅಮ್ಮ ಕಳಲೆ ಪಲ್ಯ, ಅಕ್ಕಿ ರೊಟ್ಟಿ ಮಾಡಿ ಕರೆದು ಕರೆದು ಸುಸ್ತಾಗಿ, "ಆ ಹುಳಕ್ಕೇ ಊಟ ಹಾಕ್ಕೊಳಿ" ಅಂದು ಹೋದರು. ಊಟ ಆದ ಮೇಲೆ ಸೋಲ್ ಮಾಸ್ಟರ್ ನಿಜವಾಗಿ ಸತ್ತ.

ಹುಡುಗನ ಲೆಕ್ಕ ಏನೆಂದರೆ, ಸಿಲ್ಕ್‌ಸಾಂಗ್ ಬರುವುದರೊಳಗೆ ಅತ್ತೆ ಇದನ್ನು ಮುಗಿಸಬೇಕು. ಹಾಲೋ ನೈಟ್‌ನ ಮುಂದಿನ ಗೇಮ್ ಅದು. 2019ರ ಫೆಬ್ರುವರಿಯಲ್ಲಿ ಘೋಷಣೆ ಮಾಡಿದ್ದು, ಆಗ ಇವನು ಎರಡನೇ ಕ್ಲಾಸು. ಈ 2025ರ ಜುಲೈವರೆಗೂ ಬಂದಿರಲಿಲ್ಲ. ಈ ಲೆಕ್ಕದಲ್ಲಿ ನನಗೆ ಬೇಕಾದಷ್ಟು ಟೈಮ್ ಇದೆ ಅಂದೆ. ಅವನಿಗೆ ಸಿಟ್ಟು ಬಂತು.

ನಾಳೆ ಸಂಜೆ ಕರೆಂಟ್ ಇದ್ದರೆ ಕ್ರಿಸ್ಟಲ್ ಪೀಕ್. ಅಲ್ಲಿನ ಮ್ಯಾಪ್ ನನ್ನ ಹತ್ತಿರ ಇಲ್ಲ. ಮೊದಲು ಕಾರ್ನಿಫರ್‌ನನ್ನು ಹುಡುಕಬೇಕು.